ಉಪ್ಪುನೀರು ಅಂದರೆ ಯಾವ ನೀರು

ನಮ್ಮ ಕಡೆ ಬೋರ್‌ವೆಲ್ ನೀರಿಗೆ ಉಪ್ಪುನೀರು ಅನ್ನುತ್ತೇವೆ. ಅದರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆಯಾಗುವುದಿಲ್ಲ. ಕುಡಿಯೋದಕ್ಕೆ ಸಿಹಿನೀರು, ಅಂದರೆ ಕ್ಯಾನ್ ನೀರು. ಹೊಸೂರಿನ ಯಾವ ಮನೆಯಲ್ಲಿ ಕೇಳಿದರೂ ನೀರಿಗೆ ಈ ಎರಡೇ ಜಾತಿ. ಕಡಲಿನದು ಅಂತ ಮೂರನೆಯದೊಂದಿದೆ ಅನ್ನೋದನ್ನ ನಮ್ಮಜ್ಜಿಗೆ ಬಿಡಿಸಿ ಹೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಕಾರ್ಖಾನೆ ದಾರಿಯಲ್ಲಿರುವ ಸಾಕುಮೀನಿನ ಅಂಗಡಿಯಿಂದ ಗಾಜಿನ ತೊಟ್ಟಿ ತಂದೆ. ಅದರೊಳಗೆ ಒಂದು ಕಿತ್ತಳೆ ಬಣ್ಣದ ಮೀನು, ಒಂದು ಕಡಲಹೂವು. ಹೂವು ಅನ್ನೋದು ಹೆಸರಿಗಷ್ಟೇ, ಅದೂ ಪ್ರಾಣಿಯೇ. ಕಲ್ಲಿಗೆ ಪಾದ ಅಂಟಿಸಿಕೊಂಡು ನಿಲ್ಲುತ್ತದೆ, ಜಾಗ ಹಿಡಿಸದಿದ್ದರೆ ಮೆಲ್ಲಗೆ ಜರುಗಿ ಬೇರೆ ಕಡೆ ಹೋಗುತ್ತದೆ. ನೇರಳೆ ತುದಿಯ ತೋಳುಗಳಲ್ಲಿ ವಿಷ. ಬೇರೆ ಸಣ್ಣ ಮೀನು ತಾಗಿದರೆ ಮುಗೀತು, ನಡುವೆ ಇರುವ ಬಾಯಿಗೆ ನೇರ ಪ್ರಯಾಣ. ನಮ್ಮ ಕಿತ್ತಳೆ ಮೀನು ಮಾತ್ರ ಮೈತುಂಬ ಲೋಳೆ ಹೊದ್ದುಕೊಂಡು ಅದೇ ತೋಳುಗಳ ನಡುವೆ ಮಲಗುತ್ತದೆ. ಬಾಡಿಗೆಯ ಬದಲು ತನ್ನ ಊಟದಲ್ಲಿ ಒಂದು ಚೂರು ತಂದು ಕೊಡುತ್ತದೆ.

ಅಜ್ಜಿ ನಾಟ್ರಾಂಪಾಳ್ಯದ ಬೆಟ್ಟದವಳು, ಕಡಲು ಕಂಡವಳಲ್ಲ. ಮೀನಿನ ಮೈಮೇಲಿನ ಮೂರು ಬಿಳಿ ಪಟ್ಟೆ ನೋಡಿ, "ವಿಭೂತಿ ಬಳ್ಕೊಂಡವ್ನೆ ಕಣ್ಲಾ, ಸ್ವಾಮಿಯೋರು!" ಅಂದಳು. ಆ ಹೆಸರೇ ನಿಂತಿತು. ಈ ಜಾತಿಯಲ್ಲಿ ಹೆಣ್ಣು ಸತ್ತರೆ ಅದರ ಗಂಡನೇ ಹೆಣ್ಣಾಗುತ್ತಾನೆ ಅಂದಾಗ ನೆಲ ಬಡಿದು ನಕ್ಕಳು.

"ನಿಮ್ತಾತ ಹಂಗಾಗಿದ್ರೆ ಒಂದೇ ದಿನಕ್ಕೆ ಮನೆ ಬಿಟ್ಟು ಓಡೋಗ್ಬುಡ್ತಿದ್ದ!"

ಬೇಸಿಗೆಯಲ್ಲಿ ತೊಟ್ಟಿಯ ನೀರು ಆರಿ ಕೆಳಗಿಳಿಯಿತು. ನಾನು ಶಿಫ್ಟಿಗೆ ಹೋಗಿದ್ದಾಗ ಅಜ್ಜಿ ಕರುಣೆಯಿಂದ ಎರಡು ಬಿಂದಿಗೆ ಉಪ್ಪುನೀರು ಸುರಿದಳು. ನಮ್ಮ ಬೋರಿನ ಉಪ್ಪುನೀರು, ಕಡಲುಪ್ಪಲ್ಲ ಬರೀ ಸುಣ್ಣದಂಶ ಇರೋದು, ಅದೂ ಮಾಳಿಗೆ ಟ್ಯಾಂಕಿನಲ್ಲಿ ಬಿಸಿಲಿಗೆ ಕಾದದ್ದು.

ಸಂಜೆ ಬಂದು ನೋಡಿದರೆ ಕಡಲಹೂವು ಸುಟ್ಟ ಬದನೆಕಾಯಿ ಥರ ಮುದುಡಿತ್ತು. ಸ್ವಾಮಿಯೋರು ಮೂಲೆಯಲ್ಲಿ ಏದುಸಿರು ಬಿಡುತ್ತಿದ್ದರು.

"ಇವು ಉಪ್ಪುನೀರಲ್ಲೇ ಬದುಕೋವು ಅಂತ ನೀನೇ ಅಂದಿದ್ದೆ ಕಣ್ಲಾ," ಅಂದಳು ಅಜ್ಜಿ. ನಾನು ಅಂದದ್ದು ನಿಜ.

ಅಂಗಡಿಯವನಿಗೆ ಫೋನ್ ಮಾಡಿದೆ. "ವಿಡುಂಗ ಸಾರ್, ಅದು ಪೋಚ್ಚು," ಅಂದ. ಬಿಡಿ, ಕಡಲಹೂವು ಹೋಯ್ತು, ಎತ್ತಿ ಬಿಸಾಕಿ. ಸತ್ತು ಕರಗಿದರೆ ನೀರು ಕೆಟ್ಟು ಮೀನೂ ಹೋಗುತ್ತದೆ ಅಂತ.

"ಇನ್ನುಂ ಪೋಗಲೆ," ಇನ್ನೂ ಹೋಗಿಲ್ಲ ಅಂತ ತಮಿಳಿನಲ್ಲೇ ಹೇಳಿ ಫೋನ್ ಇಟ್ಟುಬಿಟ್ಟೆ.

ಅಜ್ಜಿ ಮುದ್ದೆ ಮುಂದಿಟ್ಟುಕೊಂಡು ಉಣ್ಣದೆ ಕೂತಿದ್ದಳು. "ನನ್ ಕೈಯಾರೆ ಸ್ವಾಮಿಯೋರ ಮನೆ ಹಾಳ್ ಮಾಡ್ಬುಟ್ಟೆ." ಆ ಮಾತು ಕೇಳಿದ ಮೇಲೆ ಬಿಸಾಕುವ ಮಾತೇ ಇಲ್ಲ ಅಂತ ತೀರ್ಮಾನಿಸಿದೆ. ಜೊತೆಗಾರನನ್ನು ಕಾಡಿ ಶಿಫ್ಟ್ ಬದಲಿಸಿಕೊಂಡೆ. ಕ್ಯಾನ್ ನೀರಿಗೆ ಸಾಕುಮೀನಿನ ಅಂಗಡಿಯ ಕಡಲುಪ್ಪು ಕದಡಿ, ತೊಟ್ಟಿಯಿಂದ ಒಂದು ಚೊಂಬು ತೆಗೆದು ಒಂದು ಚೊಂಬು ಹಾಕುತ್ತ ಹೋದೆ. ಒಮ್ಮೆಲೇ ಬದಲಿಸಿದರೆ ಅದೇ ಇನ್ನೊಂದು ಪೆಟ್ಟು. ನೀರು ಕೆಟ್ಟಿದೆಯೋ ಇಲ್ಲವೋ ಪತ್ತೆಹಚ್ಚೋ ಕೆಲಸ ಅಜ್ಜಿಯದು. ಹೊತ್ತುಹೊತ್ತಿಗೆ ತೊಟ್ಟಿ ಮೇಲೆ ಬಗ್ಗಿ ಸಾರಿನ ಪಾತ್ರೆ ಮೂಸುವ ಹಾಗೆ ಮೂಸುತ್ತಿದ್ದಳು.

"ಹಳಸಿಲ್ಲ. ಹಾಕು ನೀನು."

ಆ ಕೆಲಸದ ನಡುವೆಯೇ ಹೇಳಿದೆ: ಬಿಸಿಲಿಗೆ ಆರೋದು ಬರೀ ನೀರು, ಉಪ್ಪು ಒಳಗೇ ಉಳಿಯುತ್ತೆ, ಅದಕ್ಕೆ ಕಮ್ಮಿಯಾದಾಗ ಸಿಹಿನೀರೇ ಹಾಕಬೇಕು.

ಅಜ್ಜಿ ನನ್ನನ್ನೇ ದಿಟ್ಟಿಸಿದಳು. "ಸಾರು ಬತ್ತಿದ್ರೆ ಯಾರಾದ್ರೂ ಉಪ್ಪು ಹಾಕ್ತಾರೇನ್ಲಾ? ನೀರೇ ತಾನೆ ಹಾಕೋದು! ಇಷ್ಟು ಹೇಳಕ್ಕೆ ನಿಂಗೇನಾಗಿತ್ತು ರೋಗ?"

ಎಷ್ಟು ದಿನವಾಯಿತೋ ಲೆಕ್ಕ ಇಡಲಿಲ್ಲ. ಒಂದು ಬೆಳಗ್ಗೆ ಹಲ್ಲುಜ್ಜುತ್ತ ಬಂದರೆ ಕಡಲಹೂವಿನ ಒಂದು ತೋಳು ಆಚೆ ಬಂದಿತ್ತು. ಮಧ್ಯಾಹ್ನಕ್ಕೆ ಇನ್ನಷ್ಟು. ಸ್ವಾಮಿಯೋರು ಹತ್ತಿರ ಹೋಗಿ ಬಾಲ ತಾಗಿಸಿದರು, ಚುರುಕ್ ಅಂದಿರಬೇಕು, ಹಿಂದೆ ಸರಿದರು. ಮತ್ತೆ ತಾಗಿಸಿದರು. ದೂರವಿದ್ದು ಬಂದರೆ ಲೋಳೆಯ ಸಲಿಗೆಯನ್ನು ಹೊಸದಾಗಿ ಬೆಳೆಸಿಕೊಳ್ಳಬೇಕಂತೆ.

ನಾನು ಕಡ್ಡಿಯಿಂದ ದೂಡೋಣ ಅಂತ ಹೋದೆ. ಅಜ್ಜಿ ಕೈಗೆ ಹೊಡೆದಳು. "ಸುಮ್ಕಿರ್ಲಾ. ಅವರವರ ಮನೆ ಜಗಳ ಅವರೇ ಬಗೆಹರಿಸ್ಕೋತಾರೆ."

ದೀಪ ಹಚ್ಚುವ ಹೊತ್ತಿಗೆ ಸ್ವಾಮಿಯೋರು ತಲೆಯವರೆಗೂ ಒಳಗಿದ್ದರು. ಅಜ್ಜಿ ಮಧ್ಯಾಹ್ನ ಮಾಡಿಟ್ಟು ತಣ್ಣಗಾಗಿದ್ದ ಮುದ್ದೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಸಾರಿಗೆ ಒಂಚೂರು ಸಿಹಿನೀರು ಬೆರೆಸಿ, ಉಣ್ಣಲು ಕೂತಳು.