ಎಮ್ಮೆಯ ಒಣಗಿದ ಮಗ್ಗಲು

ಉಪ್ಪುಕಾಗದದ ಧೂಳಿಗೆ ಅದರದೇ ಒಂದು ವಾಸನೆಯಿದೆ. ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ಹೊಸ ಪ್ಯಾಂಟಿನ ತೊಡೆಯನ್ನು ತಿಕ್ಕಿ ಹಳತು ಮಾಡುವುದು ನನ್ನ ಕೆಲಸ. ಮೊನ್ನೆ ಹೊಸ ಮೇಸ್ತ್ರಿ ನನ್ನ ಕೈಯಿಂದ ಪ್ಯಾಂಟು ಕಿತ್ತುಕೊಂಡು, "ಇಲ್ಲಿಷ್ಟ ತಿಕ್ರಿ, ಪಕ್ಕದ್ದು ಹಂಗ ಬಿಡ್ರಿ. ಎಲ್ಲಾ ತಿಕ್ಕಿದ್ರ ತಿಕ್ಕಿದ್ದು ಹೆಂಗ ಕಾಣಬೇಕು?" ಎಂದ. ನನಗೆ ಹೇಳುವ ಮಾತೇ ಅದು? ಸಿಟ್ಟು ನೆತ್ತಿಗೇರಿತು. ಆದರೆ ಅದು ಅವನ ಮೇಲೆ ನಿಲ್ಲದೆ ಹಿಂದಕ್ಕೆ ಸರಿಯಿತು... ನಮ್ಮ ಓಣಿಯ ಕುಂಬಾರ ಅತ್ತೆಯ ಅಂಗಳಕ್ಕೆ.

ಅವಳು ನೆಂಟಳಲ್ಲ; ನಮ್ಮಿಬ್ಬರ ಮನೆಗೆ ಗೋಡೆ ಒಂದೇ, ಅಷ್ಟೇ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಾನು ಆಗ ಬಾಗಿಲುಗಳಿಗೆ ಪಾಲಿಶ್ ಹಾಕುತ್ತಿದ್ದೆ. ನಾನು ತಿಕ್ಕಿದ ಬಾಗಿಲ ಮೇಲೆ ನೊಣ ಕೂತರೆ ಜಾರಬೇಕು, ಅಂಥ ಕೈ. ಅತ್ತೆ ಗಡಿಗೆಗಳ ನಡುವೆ ಬಿಡುವು ಮಾಡಿಕೊಂಡು ಮೊಳದುದ್ದದ ಒಂದು ಎಮ್ಮೆ ಮಾಡಿದಳು. ಕೆರೆಯಿಂದ ಆಗಷ್ಟೇ ಎದ್ದು ಬಂದು ಮಲಗಿದ ಎಮ್ಮೆ. ನೀರಲ್ಲಿ ಮುಳುಗಿದ್ದ ಒಂದು ಮಗ್ಗಲನ್ನು, ಇನ್ನೂ ಒದ್ದೆಯಿರುವಂತೆ, ದಿನಗಟ್ಟಲೆ ಬೆಣಚುಕಲ್ಲಿನಿಂದ ಉಜ್ಜಿದ್ದಳು. ನೀರಿನ ಮೇಲೆ ಉಳಿದಿದ್ದ ಇನ್ನೊಂದಕ್ಕೆ ಹೊಟ್ಟು ಕಲಸಿದ ಮಣ್ಣು ಮೆತ್ತಿ, ಜಾಲಿಮುಳ್ಳಿನಿಂದ ಗೀರಿ, ಕೆಸರು ಒಣಗಿ ಬಿರಿದಂತೆ ಬಿಟ್ಟಿದ್ದಳು. ಸುಟ್ಟಾಗ ಹೊಟ್ಟು ಉರಿದು ಅಲ್ಲೆಲ್ಲ ಸಣ್ಣ ಸಣ್ಣ ತೂತು ಉಳಿದಿತ್ತು.

ಬಂದವರಿಗೆಲ್ಲ "ಕಣ್ಮುಚ್ಚಿ ಮುಟ್ರಿ" ಅನ್ನುವಳು. ಹಾಲಿನವನು ಒರಟು ಮಗ್ಗಲಿಗೆ ಉಗುರಾಡಿಸಿ, ನಿಜವಾದ ಎಮ್ಮೆಗೆ ತುರಿಸಿದಂತೆ ತುರಿಸಿದ. ಕೈ ಆಚೆಯ ನುಣುಪಿಗೆ ಜಾರಿದ್ದೇ ತಟ್ಟನೆ ಹಿಂತೆಗೆದು ಲುಂಗಿಗೆ ಒರೆಸಿಕೊಂಡ.

"ಏನ್ ಒರಸ್ತೀಯಣ್ಣಾ, ನೀರೈತೇನು?"

"ತಣ್ಣಗ ಹತ್ತಿತಕ್ಕಾ! ನಿನ್ನೆಮ್ಮಿ ನೀರು ಸಮೇತ ಹಾಲ್ ಕೊಡ್ತೈತಿ ಬಿಡು, ನಾ ಬ್ಯಾರೆ ಹಾಕೋದ ಬ್ಯಾಡ."

ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳಿಗೆ ಹೊಗಳಿಕೆ ಬೇಕಿರಲಿಲ್ಲ, ಒರೆಸಿಕೊಳ್ಳುವ ಆ ಕೈ ಬೇಕಿತ್ತು. ಅದೊಂದು ನನಗೆ ಹೊಳೆಯಲಿಲ್ಲ.

ಬಳ್ಳಾರಿಯ ಒಂದು ಪ್ರದರ್ಶನದವರು ಎಮ್ಮೆಯನ್ನು ಕೇಳಿ ಹೇಳಿಕಳಿಸಿದರು. ಗಡಿಗೆಯಲ್ಲದೆ ಬೇರೆಯದಕ್ಕೆ ಅವಳ ಕೈಕೆಲಸವನ್ನು ಜನ ಕೇಳಿದ್ದು ಅದೇ ಮೊದಲು. ಬಸ್ಸಿನಲ್ಲಿ ಜೋಪಾನವಾಗಿ ಒಯ್ಯುವ ಹೊಣೆಯನ್ನು ನನಗೆ ಕೊಟ್ಟಳು. ಮನೆಗೆ ತಂದಿಟ್ಟುಕೊಂಡು ನೋಡುತ್ತ ಕೂತೆ. ಅರ್ಧಕ್ಕೆ ಬಿಟ್ಟ ಮಾಲನ್ನು ಬಳ್ಳಾರಿಯವರ ಮುಂದಿಡುವುದೇ? ಪಾಪ, ಅವಳ ರಟ್ಟೆ ಸೋತಿರಬೇಕು. ಹಾಲಿನವನು ಬೆರಗಾಗಿದ್ದು ನುಣುಪಿಗೆ. ಎರಡೂ ಕಡೆ ನುಣುಪಾದರೆ ಬೆರಗು ಎರಡು ಪಟ್ಟಾಗದೇ? ಇಡೀ ಭಾನುವಾರ ಉಪ್ಪುಕಾಗದ ಹಿಡಿದು ತಿಕ್ಕಿದೆ. ಬಿರುಕು ಹೋಯಿತು, ತೂತು ಮುಚ್ಚಿತು. ಎದೆಯುಬ್ಬಿಸಿ ಒಯ್ದು ಅವಳ ಮುಂದಿಟ್ಟೆ.

ಅತ್ತೆ ಕಣ್ಣು ಮುಚ್ಚಿ ಮುಟ್ಟಿದಳು. ಈ ಕಡೆ, ಆ ಕಡೆ... ಮತ್ತೆ ಈ ಕಡೆ. ಅಂಗೈ ತಿರುಗಿಸಿ ನೋಡಿಕೊಂಡಳು. ಸೆರಗಿಗೆ ಒರೆಸಿಕೊಳ್ಳಲಿಲ್ಲ.

"ನನ್ನೆಮ್ಮಿ ಎಲ್ಲಿ ಹೋತು?"

"ದಿನಪೂರಾ ತಿಕ್ಕೀನಿ ಅತ್ತಿ. ಪೂರ್ತಿ ಮಾಡಿಕೊಟ್ರ ಹಿಂಗಂತೀಯಲ್ಲ!"

"ಪೂರ್ತಿ ಆಗಿತ್ತೋ ಹುಚ್ಚಪ್ಪಾ."

ಬೈದಿದ್ದರೆ ಜಗಳವಾಡಿ ಮರೆಯುತ್ತಿದ್ದೆ. ಬೈಯಲಿಲ್ಲವಲ್ಲ, ಅದೇ ಇವತ್ತಿಗೂ ಉರಿಸುತ್ತದೆ. ಸುಟ್ಟ ಮಣ್ಣಿಗೆ ಮತ್ತೆ ಕೆಸರು ಮೆತ್ತಲು ಬರುವುದಿಲ್ಲ. ಎಮ್ಮೆ ಬಳ್ಳಾರಿಗೆ ಹೋಗಲಿಲ್ಲ. "ನೀನ ಇಟ್ಕೋ" ಎಂದು ನನಗೇ ಕೊಟ್ಟು, ಅವಳು ಗಡಿಗೆಗೆ ಮರಳಿದಳು. ಅಂಥದ್ದನ್ನು ಇನ್ನೊಂದು ಮಾಡಲಿಲ್ಲ. ತಪ್ಪಾಯಿತು ಅನ್ನಲು ನನಗೆ ನಾಲಿಗೆ ಏಳಲಿಲ್ಲ. ದುಡಿದದ್ದು ತಪ್ಪು ಹೇಗಾದೀತು ಎಂದು ಓಣಿಯವರ ಮುಂದೆ ವಾದ ಬೇರೆ ಮಾಡಿದೆ. ಅತ್ತೆಗೂ ಕೇಳಿಸಿರಬೇಕು, ಗೋಡೆ ಒಂದೇ...

ಅವಳು ತೀರಿಹೋಗಿ ವರ್ಷಗಳಾದವು. ಮೇಸ್ತ್ರಿ ಗದರಿದ ದಿನ ಮನೆಗೆ ಬಂದು, ಕೈಯ ನೀಲಿ ಧೂಳು ತೊಳೆದು ಒರೆಸಿಕೊಂಡು, ಕಣ್ಮುಚ್ಚಿ ಎಮ್ಮೆಯನ್ನು ಮುಟ್ಟಿದೆ. ಎರಡೂ ಮಗ್ಗಲು ನುಣುಪು, ನನ್ನ ಕೆಲಸಕ್ಕೆ ಹೆಸರಿಡುವಂತಿಲ್ಲ. ಎಷ್ಟು ಸವರಿದರೂ ಅಂಗೈ ಒಣಗಿಯೇ ಇತ್ತು.