ಆಚೆ ದಡದ ಮ್ಯಾನೇಜರ್

ಕಚೇರಿಯಲ್ಲಿ ಅವಳನ್ನು ಎಲ್ಲರೂ ಹಂಚಿಕೆ ಅಕ್ಕ ಎಂದೇ ಕರೆಯುತ್ತಿದ್ದರು. ಬೆಂಕಿ, ನೆರೆ, ಅಪಘಾತ ಏನೇ ಆದರೂ ಮುಂದೆ ನಿಂತು ನೋಡಿಕೊಳ್ಳುವ ತುರ್ತು ಸೇವೆಯ ಮ್ಯಾನೇಜರುಗಳಲ್ಲಿ ಯಾರನ್ನು ಯಾವ ಪುರಸಭೆಗೆ ಕಳಿಸಬೇಕೆಂದು ಹಂಚುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷ ಟಪಾಲು ವಿಭಾಗದಲ್ಲಿ ಲಕೋಟೆಗೆ ಅಂಟು ಹಚ್ಚಿ ಬೆರಳಿನ ಗೆರೆಯೇ ಸವೆದುಹೋಯಿತು ಎಂದು ನಗುತ್ತಿದ್ದವಳಿಗೆ ಈ ಕುರ್ಚಿ ಸಿಕ್ಕಿ ಮೂರು ತಿಂಗಳಾಗಿತ್ತು ಅಷ್ಟೇ.

ಒಂಬತ್ತು ಊರು, ಒಂಬತ್ತು ಮಂದಿ. ಮನೆಗೆ ಹತ್ತಿರದ ಊರು ಕೊಟ್ಟರೆ ಕರೆದ ತಕ್ಷಣ ಓಡಿಬರುತ್ತಾರೆ ಎಂಬುದು ಅವಳ ಎಣಿಕೆ. ಗೋಡೆಯ ನಕ್ಷೆಯ ಮೇಲೆ ಹೊಲಿಗೆ ದಾರ ಎಳೆದು ಹಿಡಿದು ಅಳೆದಳು. ಯಾರ ದಾರ ಗಿಡ್ಡವೋ ಅವರಿಗೆ ಆ ಊರು.

ದಾರಕ್ಕೆ ಹೊಳೆ ಎಲ್ಲಿ ಗೊತ್ತಾಗುತ್ತದೆ? ಹೊಳೆದಂಡೆಯ ಪುರಸಭೆಗೆ ಕೊಟ್ಟ ಮ್ಯಾನೇಜರನ ಮನೆ ಇದ್ದದ್ದು ಆಚೆ ದಡದಲ್ಲಿ. ದಾರದಲ್ಲಿ ಅರ್ಧ ಬೆರಳು, ಸೇತುವೆ ಸುತ್ತಿ ಬಂದರೆ ನಲವತ್ತು ಕಿಲೋಮೀಟರು. ಅವನೋ ಸಂಕೋಚದ ಪ್ರಾಣಿ, ತುಟಿ ಪಿಟಕ್ಕೆನ್ನದೆ ದಿನಾ ಜೀಪಿನಲ್ಲಿ ಸುತ್ತುತ್ತಿದ್ದ. ಸುಮ್ಮನಿರದವರು ಪುರಸಭೆಯ ಅಧ್ಯಕ್ಷೆ. ನೇರವಾಗಿ ದೊಡ್ಡ ಸಾಹೇಬರಿಗೇ ದೂರು ಬರೆದರು. ಸಾಹೇಬರು ಅಕ್ಕನನ್ನು ಕರೆದು, ಸೋಮವಾರದ ಸಭೆಯೊಳಗೆ ಅಧ್ಯಕ್ಷೆಯನ್ನು ಸಮಾಧಾನ ಮಾಡದಿದ್ದರೆ ನಿಮಗೆ ಟಪಾಲೇ ಸರಿ ಎಂದುಬಿಟ್ಟರು.

ಅದಲು ಬದಲು ಮಾಡೋಣವೆಂದರೆ ಉಳಿದ ಎಂಟು ಮಂದಿಯೂ ಜಪ್ಪಯ್ಯ ಎಂದರೂ ಕದಲಲೊಲ್ಲರು. ಮಗಳು ಬೇರೆ ಕಾಲೆಳೆದಳು: "ಅಲ್ಲಮ್ಮಾ, ರವಿಕೆಗೆ ಅಳತೆ ತಗೊಂಡ ಹಾಗೆ ಊರಿಗೂ ತಗೊಂಡ್ಯಾ?"

ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ ಅಕ್ಕ ಅಧ್ಯಕ್ಷೆಯ ಎದುರು ಹೋಗಿ ಕುಳಿತಳು. ತಪ್ಪಾಯಿತು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಗೋಣಿಚೀಲದ ಗೋದಾಮಿಗೆ ಬೆಂಕಿ ಬಿದ್ದ ಸುದ್ದಿ ಬಂತು. ಮ್ಯಾನೇಜರ್ ಇನ್ನೂ ದಾರಿಯಲ್ಲಿದ್ದ. "ನೋಡಿದ್ರಾ ನಿಮ್ಮ ಹಂಚಿಕೆ?" ಎಂಬಂತೆ ಅಧ್ಯಕ್ಷೆ ಇವಳನ್ನು ದುರುಗುಟ್ಟಿ ನೋಡಿದರು.

ಇಬ್ಬರೂ ಗೋದಾಮಿನ ಹತ್ತಿರ ಓಡಿ ತಲುಪುವಷ್ಟರಲ್ಲಿ ಅಧ್ಯಕ್ಷೆಗೆ ಅವನ ಫೋನು ಬಂತು. ಬೆಂಕಿ ಹಿಂದಿನ ಶೆಡ್ಡಿನತ್ತ ತಿರುಗಿದೆ, ಅಲ್ಲಿದ್ದವರನ್ನು ಮೊದಲು ಹೊರಗೆ ಕಳಿಸಿ. ಪೇಟೆ ಬೀದಿಗೆ ಲಾರಿ ಅಡ್ಡ ನಿಂತಿದೆ, ಫೈರ್ ಇಂಜಿನ್ ಶಾಲೆಯ ಓಣಿಯಿಂದ ಬರಲಿ ಎಂದ. ಎಲ್ಲರೂ ಅವನು ಹೇಳಿದಂತೆಯೇ ಮಾಡಿದರು. ಯಾರ ಕೂದಲೂ ಕೊಂಕಲಿಲ್ಲ, ಅರ್ಧ ಗಂಟೆಯಲ್ಲಿ ಬೆಂಕಿ ಆರಿತು. ಅವನು ಬಂದು ಜೀಪಿನಿಂದ ಇಳಿದ ಕೂಡಲೇ, ಅಷ್ಟು ದೂರದಿಂದ ಇದೆಲ್ಲ ಹೇಗೆ ಗೊತ್ತಾಯಿತೆಂದು ಅಧ್ಯಕ್ಷೆ ಕೇಳಿದರು.

ಅವನು ಕತ್ತು ಕೆರೆದುಕೊಂಡ. "ಅಮ್ಮ ಫೋನಲ್ಲಿ ಹೇಳಿದ್ದು ಮೇಡಂ. ತಾರಸಿ ಮೇಲೆ ಬಟ್ಟೆ ಒಣಹಾಕ್ತಿದ್ರು. ಅಲ್ಲಿಂದ ನಿಮ್ಮೂರು ತಟ್ಟೇಲಿಟ್ಟ ಹಾಗೆ ಕಾಣುತ್ತೆ."

ಅಧ್ಯಕ್ಷೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹೊಗೆಯಿಂದ ಮುಖ ಕಪ್ಪಾಗಿದ್ದ ಅಕ್ಕನೂ ನಕ್ಕಳು. ಆದರೆ ಸಿಕ್ಕಿದ್ದೇ ಸಂದು ಎಂದು ನುಣುಚಿಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ.

"ತಪ್ಪು ನಂದೇ ಮೇಡಂ. ಇವತ್ತೇನೋ ಅವರಮ್ಮ ತಾರಸಿ ಮೇಲಿದ್ರು, ದಿನಾ ಇರ್ತಾರಾ? ಇವರಿಗೆ ಊರೊಳಗೇ ಒಂದು ಕೋಣೆ ಮಾಡಿಕೊಡಿ."

"ಕೊಡೋಣ. ಆದ್ರೆ ಆ ತಾಯೀನ ಮಾತ್ರ ಅಲ್ಲಿಂದ ಕದಲಿಸಬೇಡಿ," ಎಂದರು ಅಧ್ಯಕ್ಷೆ.

ಸೋಮವಾರದ ಸಭೆಗೆ ಮುಂಚೆಯೇ ಅವರು ದೂರು ಹಿಂತೆಗೆದುಕೊಂಡರು. ಅಕ್ಕನ ಕುರ್ಚಿ ಉಳಿಯಿತು. ಅಂದೇ ನಕ್ಷೆಯ ಮೇಲೆ ಇದ್ದಬದ್ದ ಸೇತುವೆಗಳಿಗೆಲ್ಲ ಕೆಂಪು ಬಣ್ಣ ಬಳಿದಳು.

ಬುಧವಾರ ಅವಳ ಮೇಜಿನ ಫೋನು ಬಡಿದುಕೊಂಡಿತು. ಆ ಕಡೆ ವಯಸ್ಸಾದ ಹೆಂಗಸಿನ ಗಟ್ಟಿ ದನಿ. "ಹಂಚೋಳು ನೀನೇ ಏನಮ್ಮಾ? ನನ್ನ ಮಗನ್ನ ಆ ದಡದಲ್ಲೇ ಇರೋ ಹಾಗೆ ಮಾಡಿದೆ, ಆಗ್ಲಿ. ನಿಮ್ಮ ಅಧ್ಯಕ್ಷೆ ಮನೆ ಟ್ಯಾಂಕು ಬೆಳಿಗ್ಗೆಯಿಂದ ತುಂಬಿ ಸುರೀತಾ ಇದೆ. ಅದಕ್ಕೆ ಯಾರನ್ನ ಹಂಚ್ತೀಯಾ ನೋಡು."