ಅಪ್ಪನ ದನಿ ಹೋದ ಬೇಸಿಗೆ

ಆ ದಿನಗಳಲ್ಲಿ ಚಳ್ಳಕೆರೆಯ ಕೋರ್ಟಿನೊಳಗೆ ಅಪ್ಪ ವಾದ ಶುರು ಮಾಡಿದರೆ, ಹೊರಗೆ ಮರದ ಕೆಳಗೆ ಚಹಾ ಕಾಸುವವನು ಸ್ಟವ್ ಸಣ್ಣ ಮಾಡಿ ಕಿವಿ ಕೊಡುತ್ತಿದ್ದನಂತೆ. ಮೈಕು ಬೇಡದ ಗಂಟಲು ಅದು. ಊರಿನಲ್ಲಿ ಅಪ್ಪನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ, ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಅವರು ‘ಲಾಯರಪ್ಪ’. ಸಂಜೆ ಬೀದಿಯ ತುದಿಯಲ್ಲಿ ನಿಂತು “ಗಿರಿಜೀ” ಎಂದು ಕೂಗಿದರೆ ನಾನು ಯಾರ ಹಿತ್ತಲಲ್ಲಿ ಕುಂಟಬಿಲ್ಲೆ ಆಡುತ್ತಿದ್ದರೂ ಬಿಲ್ಲೆ ಬಿಟ್ಟು ಓಡಿಬರಬೇಕು. ಕೇಳಿಸಲಿಲ್ಲ ಎಂಬ ನೆಪ ನಮ್ಮ ಮನೆಯಲ್ಲಿ ನಡೆಯುತ್ತಿರಲಿಲ್ಲ.

ಬೆಳಿಗ್ಗೆ ಅವ್ವನಿಗೆ ರೊಟ್ಟಿ ಬಡಿಯುವ ಹೊತ್ತು. ಹಾಗಾಗಿ ನನಗೆ ಜಡೆ ಹಾಕುವ ಕೆಲಸ ಅಪ್ಪನದು. ಮುಂದಿನ ಕೋಣೆಯಲ್ಲಿ ಬೆಂಚಿನ ಮೇಲೆ ಕಕ್ಷಿದಾರರು ಕೂತಿರುತ್ತಿದ್ದರು, ಕುರ್ಚಿಯಲ್ಲಿ ಅಪ್ಪ, ಅವರ ಕಾಲ ಬಳಿ ನಾನು. ನನ್ನಿವಾಳದ ಯಾರೋ ಹೊಲದ ಬದುವಿನ ಜಗಳ ಹೇಳುತ್ತಿದ್ದರೆ ಅಪ್ಪ ನನ್ನ ಕೂದಲು ಹೆಣೆಯುತ್ತಲೇ “ಹ್ಞೂಂ, ಆಮೇಲೆ?” ಅನ್ನುತ್ತಿದ್ದರು. ಜಗಳ ಬಿಸಿಯೇರಿದಂತೆ ನನ್ನ ಜಡೆ ಬಿಗಿಯಾಗುತ್ತಿತ್ತು. ಎದುರಿಗಿರುವವನು ಸುಳ್ಳು ಹೇಳುತ್ತಿದ್ದಾನೆ ಅನ್ನಿಸಿದರೆ ಕೈ ನಿಂತೇ ಹೋಗುತ್ತಿತ್ತು.

“ಲೇ ತಮ್ಮಾ, ಈ ಮಗೀಗೆ ಸ್ಕೂಲಿಗೆ ಹೊತ್ತಾಗ್ತೈತೆ. ನಿಜ ಹೇಳ್ಬಿಡು, ಜಡೆ ಮುಗಿಸ್ತೀನಿ.”

ಅರ್ಧ ಜಡೆಯಲ್ಲಿ ಕೂತ ನನ್ನನ್ನು ನೋಡಿ ಆತ ನಗುತ್ತಿದ್ದ, ನಕ್ಕ ಮೇಲೆ ನಿಜ ಹೇಳುತ್ತಿದ್ದ. ಇಂಥ ಮನೆಯಲ್ಲಿ ಹೆದರಿಕೆ ಎಂದರೇನು ಎಂದೇ ನನಗೆ ಗೊತ್ತಿರಲಿಲ್ಲ. ಅದು ಗೊತ್ತಾದದ್ದು ಆ ಒಂದು ಬೇಸಿಗೆಯಲ್ಲಿ.

ಪರೀಕ್ಷೆ ಮುಗಿದಿತ್ತು. ಎಣ್ಣೆ ಮಿಲ್ಲುಗಳ ಕಡೆಯಿಂದ ಕಡಲೆಕಾಯಿ ಹಿಂಡಿಯ ಬೆಚ್ಚನೆಯ ವಾಸನೆ ಇಡೀ ಊರನ್ನು ತುಂಬಿಕೊಂಡಿತ್ತು. ಒಂದು ಬೆಳಿಗ್ಗೆ ಮೊಳಕಾಲ್ಮೂರಿನಿಂದ ಸುಬ್ಬಮ್ಮ ಎಂಬ ಮುದುಕಿ ಬಂದಳು. ರೇಷ್ಮೆ ಸೀರೆ ನೇಯುವ ಮನೆಯವಳು, ಮನೆಮಾತು ತೆಲುಗು. ಗಂಡ ಸತ್ತ ಮೇಲೆ ಮಗ್ಗವಿದ್ದ ಮನೆ ತಮ್ಮದೆಂದು ಮೈದುನಂದಿರು ಕೋರ್ಟಿಗೆ ಹೋಗಿದ್ದರು. ಅಪ್ಪ ಸುಬ್ಬಮ್ಮನ ವಕೀಲರು. ಹಿಂದಿನ ದಿನವಷ್ಟೇ ಆ ಕೇಸಿನಲ್ಲಿ ಅಪ್ಪ ಸೋತಿದ್ದರು.

ನಾನು ಒಳಬಾಗಿಲ ಪರದೆಯ ಹಿಂದೆ ನಿಂತು ಇಣುಕಿದೆ. ಮುದುಕಿ ಅಳುತ್ತಿದ್ದಳು. ಅಪ್ಪ, ನನ್ನ ಅಪ್ಪ, ಶಾಲೆಯಲ್ಲಿ ತಪ್ಪು ಮಾಡಿದ ಹುಡುಗನ ಹಾಗೆ ತಲೆ ತಗ್ಗಿಸಿ ನಿಂತಿದ್ದರು. ಆಕೆ ಎರಡೂ ಕೈ ಅಪ್ಪನ ಮುಖದ ಕಡೆ ಚಾಚಿ “ನೀ ನೋರು ಚಲ್ಲಗುಂಡ ನಾಯನಾ” ಎಂದಳು. ಆಮೇಲೆ ಲಟಲಟನೆ ನೆಟಿಗೆ ಮುರಿದಳು.

ನೆಟಿಗೆ ಮುರಿಯುವುದನ್ನು ನಾನು ಬೀದಿ ನಲ್ಲಿಯ ಹತ್ತಿರ ಎಷ್ಟೋ ಸಲ ನೋಡಿದ್ದೆ. ಕೊಡದ ಸರದಿಗೆ ಜಗಳ ಹತ್ತಿದರೆ ಹೆಂಗಸರು ಬೆರಳು ಮುರಿದು “ನಿನ್ ಮನೆ ಹಾಳಾಗ” ಅನ್ನುತ್ತಿದ್ದರು. ಸುಬ್ಬಮ್ಮ ಹೋದ ಮೇಲೆ ಅಪ್ಪ ತಿಂಡಿ ಮುಟ್ಟದೆ ಕೋಟು ಹಾಕಿಕೊಂಡು ಹೊರಟುಬಿಟ್ಟರು. ನಾನು ಎದುರು ಮನೆಯ ವರಲಕ್ಷ್ಮಿಯ ಬಳಿಗೆ ಓಡಿದೆ. ಅವಳ ಮನೆಯಲ್ಲಿ ಆಡುವುದು ತೆಲುಗೇ.

“ನೋರು ಅಂದ್ರೆ ಬಾಯಿ,” ಅಂದಳು ವರಲಕ್ಷ್ಮಿ, ದೊಡ್ಡ ಟೀಚರಮ್ಮನ ಹಾಗೆ. “ಚಲ್ಲಗ ಅಂದ್ರೆ ತಣ್ಣಗೆ. ನಿನ್ ಬಾಯಿ ತಣ್ಣಗಾಗ್ಲಿ ಅಂತ.”

ಹಿಂದಿನ ವರ್ಷ ನಮ್ಮ ತಾತ ಹೋದಾಗ ಮಂಚದ ಸುತ್ತ ನಿಂತ ಹೆಂಗಸರು ಅವರ ಪಾದ ಮುಟ್ಟಿ ನೋಡಿ ಹೇಳಿದ್ದ ಮಾತು ನನಗೆ ಚೆನ್ನಾಗಿ ನೆನಪಿತ್ತು. “ತಣ್ಣಗಾಗೈತೆ.” ಆ ಮಾತಿನ ಮೇಲೆಯೇ ಎಲ್ಲರೂ ಅಳಲು ಶುರು ಮಾಡಿದ್ದು. ವರಲಕ್ಷ್ಮಿಯ ಮನೆಯ ಮೆಟ್ಟಿಲ ಮೇಲೆ, ಆ ಸುಡುವ ಬಿಸಿಲಿನಲ್ಲಿ, ನಾನು ನನ್ನ ಪಾದ ಮುಟ್ಟಿ ನೋಡಿಕೊಂಡೆ.

ಅದಾಗಿ ವಾರ ಕಳೆಯುವುದರೊಳಗೆ ಅಪ್ಪನ ದನಿ ಒಡೆಯಿತು. ಧೂಳಿಗೆ ಹೀಗಾಗಿದೆ ಎಂದು ಅವ್ವ ಮೆಣಸಿನ ಕಷಾಯ ಕೊಟ್ಟಳು, ಉಪ್ಪುನೀರು ಕೊಟ್ಟಳು. ಒಂದು ದಿನ ವಾದದ ನಡುವೆಯೇ ಮಾತು ನಿಂತುಹೋಯಿತಂತೆ. ಬಾಯಿ ಆಡುತ್ತಿತ್ತು, ಸದ್ದು ಬರಲಿಲ್ಲ. ಉಳಿದದ್ದನ್ನು ಜೂನಿಯರ್ ಓದಿ ಮುಗಿಸಿದರಂತೆ. ದಾವಣಗೆರೆಯ ಡಾಕ್ಟರು ಗಂಟಲಲ್ಲಿ ಗಂಟಿದೆ ಎಂದರು, ಆಪರೇಷನ್ ಮಾಡುವವರೆಗೆ ಒಂದು ಪದವನ್ನೂ ಆಡಕೂಡದು ಎಂದು ಕಟ್ಟಪ್ಪಣೆ ಮಾಡಿದರು. ತೆಗೆದು ನೋಡಿದ ಮೇಲಷ್ಟೇ ಅದೇನೆಂದು ಹೇಳಲಾಗುವುದು. ಮನೆಗೆ ಬಂದ ನೆಂಟರು ಕಾಯಿಲೆಯ ಹೆಸರನ್ನು ಬಾಯಿಗೆ ತರುತ್ತಿರಲಿಲ್ಲ. “ಅದು ಆಗದಿದ್ರೆ ಸಾಕು” ಎಂದಷ್ಟೇ ಪಿಸುಗುಡುತ್ತಿದ್ದರು. ನನಗೆ ಆ ‘ಅದು’ ಏನೆಂದು ತಿಳಿಯದಿದ್ದರೂ ಅದನ್ನು ಕಳಿಸಿದವರು ಯಾರೆಂದು ತಿಳಿದಿತ್ತು.

ಮನೆ ಮೂಕವಾಯಿತು. ಅಪ್ಪ ನನ್ನನ್ನು ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಿದ್ದರು. ಬೆಳಿಗ್ಗೆ ಕಕ್ಷಿದಾರರು ಅಭ್ಯಾಸಬಲದಿಂದ ಬಂದು, ಸಾವಿನ ಮನೆಯಲ್ಲಿ ಕೂತಂತೆ ಬೆಂಚಿನ ಮೇಲೆ ಕೂತು, ಎದ್ದು ಹೋಗುತ್ತಿದ್ದರು. ಜಡೆ ಮಾತ್ರ ನಿಲ್ಲಲಿಲ್ಲ. ಆದರೆ ಈಗ ಅದು ಬಿಗಿಯೂ ಆಗುತ್ತಿರಲಿಲ್ಲ, ಸಡಿಲವೂ ಆಗುತ್ತಿರಲಿಲ್ಲ. ಮಧ್ಯಾಹ್ನ ಅಪ್ಪ ಚಾಪೆಯ ಮೇಲೆ ಮಲಗಿದಾಗ ನಾನು ಸದ್ದಿಲ್ಲದೆ ಹೋಗಿ ಅವರ ಬಾಯಿಯ ಹತ್ತಿರ ಅಂಗೈ ಹಿಡಿಯುತ್ತಿದ್ದೆ. ಉಸಿರು ಬೆಚ್ಚಗಿದೆಯೋ ಇಲ್ಲವೋ ನೋಡಲು. ಬೆಚ್ಚಗೆ ತಗುಲಿದರೆ ಆ ದಿನಕ್ಕೆ ಬದುಕಿದೆ ಅನ್ನಿಸುತ್ತಿತ್ತು.

“ಅವ್ವಾ, ಬ್ಯಾರೆಯೋರು ಶಾಪ ಹಾಕಿದ್ರೆ ತಟ್ಟುತ್ತಾ?” ಎಂದು ಕೇಳಿದೆ ಒಂದು ದಿನ.

ಅವ್ವ ಆಗ ತುಂಬಿದ ಬಸುರಿ. ರಪ್ಪನೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. “ಬಿಡ್ತು ಅನ್ನೇ! ಇಂಥ ಹೊತ್ನಾಗೆ ಎಂಥ ಮಾತಾಡ್ತೀಯಾ? ಗೌರಸಮುದ್ರದ ಮಾರಮ್ಮಂಗೆ ಹರಕೆ ಹೊತ್ತೀನಿ, ಆಯಮ್ಮ ನೋಡ್ಕೋತಾಳೆ.” ಹೇಳುತ್ತಾ ಹೇಳುತ್ತಾ ಅವಳ ತುಟಿ ನಡುಗಿತು. ಅವ್ವನಿಗೆ ನನಗಿಂತ ಹೆಚ್ಚು ಭಯವಿದೆ ಎಂದು ತಿಳಿದ ಮೇಲೆ ನಾನು ಯಾರಿಗೂ ಏನೂ ಹೇಳಲಿಲ್ಲ.

ಆಪರೇಷನ್ ಹತ್ತಿರವಾಗುತ್ತಿತ್ತು. ಅಷ್ಟರಲ್ಲಿ ಸುಬ್ಬಮ್ಮನ ಕೇಸನ್ನು ಮೇಲಿನ ಕೋರ್ಟಿಗೆ ಒಯ್ಯಬೇಕು, ಅದಕ್ಕೆ ಅವಳ ಹೆಬ್ಬೆಟ್ಟು ಬೇಕು. ಜೂನಿಯರ್ ಹೋದರೆ ಆಕೆ ನಂಬುವುದಿಲ್ಲ, ತಾನೇ ಹೋಗಬೇಕೆಂದು ಅಪ್ಪ ಸನ್ನೆಯಲ್ಲೇ ಹಟ ಹಿಡಿದರು. ಅವ್ವ ಸೋತು ನನಗೆ ಹೇಳಿದಳು: “ನೀನೂ ಹೋಗು. ದಾರ್ಯಾಗೆ ಯಾರು ಮಾತಾಡಿಸಿದ್ರೂ ನೀನೇ ಮಾತಾಡ್ಬೇಕು. ಅಪ್ಪನ ಬಾಯಿ ನೀನೇ ಈಗ.”

ಬಸ್ಸಿನಲ್ಲಿ ಕೊಂಡ್ಲಹಳ್ಳಿಯ ಪರಿಚಯದವರೊಬ್ಬರು ಸಿಕ್ಕು “ಏನ್ ಲಾಯರಪ್ಪಾರೇ, ಸದ್ದೇ ಇಲ್ಲ?” ಎಂದು ನಕ್ಕರು. “ಅಪ್ಪ ಮಾತಾಡಂಗಿಲ್ರೀ” ಎಂದೆ. ಅವರ ನಗು ಇಳಿದುಹೋಯಿತು. ಕಿಟಕಿಯಾಚೆ ಬಂಡೆಗುಡ್ಡಗಳು ಬಿಸಿಲಿಗೆ ಉರಿಯುತ್ತಿದ್ದವು. ನಾನು ಅಪ್ಪನ ಕೈ ಬಿಡಲೇ ಇಲ್ಲ. ಶಾಪ ಹಾಕಿದವಳ ಮನೆಗೆ ನನ್ನ ಕೈ ಹಿಡಿದುಕೊಂಡು ತಾವಾಗಿಯೇ ಹೋಗುತ್ತಿದ್ದಾರಲ್ಲ ಎಂದು ಅಳು ಬರುತ್ತಿತ್ತು.

ಸುಬ್ಬಮ್ಮನ ಮನೆಯೊಳಗೆ ಕತ್ತಲು ಕತ್ತಲು. ಗಂಜಿ ಹಾಕಿದ ನೂಲಿನ ಹುಳಿವಾಸನೆ. ನೆಲದ ಗುಂಡಿಯಲ್ಲಿ ಕಾಲಿಳಿಸಿಕೊಂಡು ಆಕೆ ಮಗ್ಗದ ಮುಂದೆ ಕೂತಿದ್ದಳು. ಅಪ್ಪನನ್ನು ಕಂಡವಳೇ ಎದ್ದು ಬಂದು ಚಾಪೆ ಹಾಸಿದಳು. ನಾನು ಗಂಟಲಿನ ವಿಷಯ ಹೇಳಿದೆ. ಆಕೆ ಹಣೆ ಹಣೆ ಚಚ್ಚಿಕೊಂಡು ಒಳಗೆ ಹೋಗಿ ಒಂದು ಲೋಟ ತಂದು ಅಪ್ಪನ ಕೈಗಿಟ್ಟಳು.

“ಚಲ್ಲ ತಾಗು ನಾಯನಾ.”

ಚಲ್ಲ! ಅದೇ ಮಾತು. ಅಪ್ಪ ಲೋಟವನ್ನು ತುಟಿಗೆ ತರುತ್ತಿದ್ದಂತೆ ನಾನು ಚೀರಿಕೊಂಡು ಕೈ ಬೀಸಿ ಹೊಡೆದೆ. ಲೋಟ ಉರುಳಿತು, ಆಕೆ ಚಲ್ಲ ಅಂದಿದ್ದ ಮಜ್ಜಿಗೆ ನೆಲದ ಮೇಲೆ ಹರಿದು ಗುಂಡಿಯೊಳಗೆ ಇಳಿಯಿತು. ಅಪ್ಪ ದಿಗ್ಭ್ರಮೆಯಿಂದ ನನ್ನ ತೋಳು ಹಿಡಿದರು.

“ಕುಡೀಬ್ಯಾಡಪ್ಪಾ! ಇವಳೇ ನಿಂಗೆ ಶಾಪ ಹಾಕಿದ್ದು! ಬಾಯಿ ತಣ್ಣಗಾಗ್ಲಿ ಅಂದ್ಲು, ನಾ ಕೇಳೀನಿ, ನೆಟಿಗೆ ಮುರಿದ್ಲು!” ಎಂದು ಬಿಕ್ಕಿದೆ. ಆಮೇಲೆ ಧೈರ್ಯವೆಲ್ಲ ಸೋರಿಹೋಗಿ ಮುದುಕಿಯ ಕಾಲು ಹಿಡಿದುಕೊಂಡೆ. “ಅಜ್ಜೀ, ವಾಪಸ್ ತಗೋರೀ. ನಮ್ಮಪ್ಪಂಗೆ ಹಾಕಿದ್ದು ವಾಪಸ್ ತಗೋರೀ.”

ಸುಬ್ಬಮ್ಮ ಕಂಬ ಹಿಡಿದುಕೊಂಡು ಮೆಲ್ಲಗೆ ಕೂತಳು. “ಶಾಪಮಾ?” ಎಂದಳು. “ನಾನಾ? ಅಯ್ಯೋ ನನ್ ತಾಯೀ!” ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಅರೆಬರೆ ಕನ್ನಡದಲ್ಲಿ ಹೇಳಿದಳು. “ನಿನ್ ಹೊಟ್ಟೆ ತಣ್ಣಗಿರ್ಲಿ ಅಂತಾರಲ್ಲ ನಿಮ್ಮೋರು, ಅದೇ ಕಣಮ್ಮಾ ಅದು. ನಮ್ಮೋರು ಅಂಬೋರು ಒಬ್ರೂ ನನ್ನ ಪರ ಬಾಯಿ ಬಿಡ್ಲಿಲ್ಲ. ಈಯಪ್ಪ ಅಷ್ಟ್ ಜನದ ಮುಂದೆ ಮಾತಾಡ್ದ. ಸೋತ್ರೆ ಏನಾಯ್ತು? ಆ ಬಾಯಿ ತಣ್ಣಗಿರ್ಲಿ ಅಂದೆ. ದಿಷ್ಟಿ ಆಗ್ದೇ ಇರ್ಲಿ ಅಂತ ನೆಟಿಗೆ ತೆಗ್ದೆ.”

ಅಪ್ಪ ನಗುತ್ತಿದ್ದರೋ ಅಳುತ್ತಿದ್ದರೋ, ಭುಜ ಅಲುಗುತ್ತಿತ್ತು. ಡಾಕ್ಟರ ಮಾತು ಮೀರಿ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು: “ಸೋತೋನಿಗೆ ಆಶೀರ್ವಾದ ತಡ್ಕೊಳ್ಳೋದು ಕಷ್ಟ ಕಣೇ ಗಿರಿಜೀ. ಅದಕ್ಕೇ ತಲೆ ತಗ್ಗಿಸಿದ್ದೆ.”

ಅದು ಅಪ್ಪನ ದನಿಯಾಗಿರಲಿಲ್ಲ. ಒಣಗಿದ ಜೋಳದ ಸೊಪ್ಪೆಯ ಮೇಲೆ ಯಾರೋ ನಡೆದ ಹಾಗಿತ್ತು. ಹೆದರಿಕೆ ಕಳೆಯಬೇಕಿತ್ತಲ್ಲವೇ? ನನಗೆ ಅದು ಆಗಲೇ ಹೆಚ್ಚಾದದ್ದು. ಶಾಪವಾಗಿದ್ದರೆ ವಾಪಸ್ ತೆಗೆದುಕೊಳ್ಳಲು ಒಬ್ಬರಾದರೂ ಇದ್ದರು, ಕಾಲು ಹಿಡಿಯಬಹುದಿತ್ತು. ಇನ್ನು ಯಾರ ಕಾಲು ಹಿಡಿಯುವುದು? ಮರಳುವ ಬಸ್ಸಿನಲ್ಲಿ ಅಪ್ಪ ನನ್ನ ಬಿಚ್ಚಿಹೋದ ಜಡೆಯನ್ನು ಮತ್ತೆ ಹೆಣೆದರು. ಊರು ಬರುವ ತನಕ ನಾನು ಮುಂದಿನ ಸೀಟಿನ ಕಂಬಿ ಹಿಡಿದೇ ಇದ್ದೆ.

ಗಂಟು ತೆಗೆದರು. ‘ಅದು’ ಆಗಿರಲಿಲ್ಲ. ಅವ್ವ ಆ ಸುದ್ದಿ ಕೇಳಿ ಆಸ್ಪತ್ರೆಯ ವರಾಂಡದಲ್ಲೇ ಕುಸಿದು ಕೂತು ಅತ್ತಳು. ಮಳೆಗಾಲದಲ್ಲಿ ತಮ್ಮ ಹುಟ್ಟಿದ. ಮೇಲಿನ ಕೋರ್ಟಿನಲ್ಲಿ ಸುಬ್ಬಮ್ಮನ ಮನೆ ಉಳಿಯಿತು, ವಾದಿಸಿದ್ದು ಬೇರೆಯವರು, ಅಪ್ಪ ಪಕ್ಕದಲ್ಲಿ ಕೂತು ಸನ್ನೆ ಮಾಡುತ್ತಿದ್ದರು. ದನಿ ಬಂತು, ಆದರೆ ಗೊಗ್ಗರು ದನಿ. ಬೀದಿಯ ತುದಿಗೆ ಮುಟ್ಟದ ದನಿ. ಅದನ್ನೇ ಇಟ್ಟುಕೊಂಡು ಅಪ್ಪ ಎಷ್ಟೋ ವರ್ಷ ವಾದ ಮಾಡಿದರು. ಜನ ಮುಂದಕ್ಕೆ ಬಾಗಿ ಕೇಳುತ್ತಿದ್ದರು.

ಅಪ್ಪ ಹೋಗಿ ಈಗ ವರ್ಷವಾಗುತ್ತಾ ಬಂತು. ಮಣ್ಣಿಗೆ ಬಂದವರಲ್ಲಿ ಅರ್ಧ ಜನ ಅವರು ಸೋತ ಕೇಸಿನವರು. ಮೊನ್ನೆ ತಮ್ಮ ತನ್ನ ಮೊಬೈಲಿನಲ್ಲಿ ಉಳಿದ ಅಪ್ಪನ ಮಾತನ್ನು ಹಾಕಿದ. ಮೊಮ್ಮಕ್ಕಳಿಗೆ ಊಟವಾಯಿತಾ ಎಂದು ಕೇಳುವ ಸಣ್ಣ ಮಾತು, ಅದೇ ಗೊಗ್ಗರು. ಕೇಳಿಸಿ, “ಅಕ್ಕಾ, ನಾ ಹುಟ್ಟೋಕೆ ಮುಂಚೆ ಅಪ್ಪನ ದನಿ ಗುಡುಗಿದಂಗಿತ್ತು ಅಂತಾರಲ್ಲ ಜನ, ಹೆಂಗಿತ್ತು? ಒಂದ್ಸಲ ಮಾಡಿ ತೋರ್ಸು” ಅಂದ.

ನಾನು ಬಾಯಿ ತೆರೆದೆ. ಅಪ್ಪ ಆಡುತ್ತಿದ್ದ ಮಾತುಗಳೆಲ್ಲ ನೆನಪಿವೆ, ಒಂದೊಂದೂ ಇದೆ. ಆದರೆ ಎಲ್ಲವೂ ಕಿವಿಯೊಳಗೆ ಬರುವುದು ಆಮೇಲಿನ ದನಿಯಲ್ಲೇ. ಎಷ್ಟು ಹುಡುಕಿದರೂ ಇನ್ನೊಂದು ಸಿಗಲಿಲ್ಲ. ನಾನು ಅವ್ವನ ಮುಖ ನೋಡಿದೆ.

ಅವ್ವ ತಮ್ಮನ ಕೈಯಿಂದ ಮೊಬೈಲು ತೆಗೆದುಕೊಂಡು ಕಿವಿಗೆ ಒತ್ತಿ ಹಿಡಿದು ಕೇಳಿದಳು.

“ಮದ್ಲಿಂದೂ ಇದೇ ಅಲ್ವೇನಪ್ಪಾ ನಿಮ್ಮಪ್ಪನ ದನಿ?” ಅಂದಳು.

ನಾನು ಹೌದು ಎಂದೆ.